ಮನೆಗೆ ಬಂದ ಸಾಹೇಬ

ಹಾಲಿನಲ್ಲಿ ಹಿಚುಕಿದ ರೊಟ್ಟಿಯ ತುತ್ತನ್ನು ಹೆಂಡತಿಯ ಬಾಯಿಯ ಹತ್ತಿರ ಒಯ್ದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ‘ತಗೋ ಸಾವಿತ್ರಿ’ ಎಂದುಬಿಟ್ಟ ಕುಬೇರಪ್ಪ. ಮಗಳ ಕೈಯೆಂದು ತಿಳಿದು ಬಾಯಿ ತೆರೆದಿದ್ದ ಸಾವಿತ್ರೆವ್ವ ತಟ್ಟನೆ ತುಟಿ ಮುಚ್ಚಿದಳು. ತಡಕಾಡಿ ಸೆರಗು ಹುಡುಕಿ ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಸರಿದು, ‘ಮನ್ಯಾಗ ಗಂಡಸರಿಲ್ಲರಿ ಸಾಹೇಬ್ರ, ಸಂಜಿ ಮುಂದ ಬರ್ರಿ’ ಎಂದಳು. ಹೊಸ್ತಿಲಲ್ಲಿ ನಿಂತ ಪರವೂರಿನವರಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿದಳು. ಕುಬೇರಪ್ಪನ ಕೈ ಗಾಳಿಯಲ್ಲೇ ನಿಂತಿತು, ಹಾಲು ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಐವತ್ತು ವರ್ಷ ತನ್ನೊಡನೆ ಸಂಸಾರ ಮಾಡಿದವಳ ಎದುರು ತಾನು ಈಗ ಎದ್ದು ಹೋಗಬೇಕೋ ಕೂತಿರಬೇಕೋ ಅವನಿಗೆ ಗೊತ್ತಾಗಲಿಲ್ಲ. ಅವಳ ಕಣ್ಣುಗಳನ್ನು ಸಕ್ಕರೆ ಕಾಯಿಲೆ ತಿಂದು ಬಹಳ ದಿನವಾಗಿತ್ತು. ಹೋದ ದೀಪಾವಳಿಯಲ್ಲಿ ಲಕ್ವಾ ಹೊಡೆದು ಚೇತರಿಸಿಕೊಂಡ ಮೇಲೆ ನಡುವಿನ ವರ್ಷಗಳೂ ಅಳಿಸಿಹೋಗಿದ್ದವು. ಈಗ ಅವಳ ಪಾಲಿಗೆ ಮನುಷ್ಯರೆಂದರೆ ಧ್ವನಿಗಳು, ಅವೂ ಹಳೆಯವು. ಮಗಳು ಶೈಲಾಳದು ಸಾವಿತ್ರೆವ್ವನ ತಾಯಿಯದೇ ಧ್ವನಿ. ಅದನ್ನು ಕೇಳಿದರೆ ‘ಎವ್ವಾ’ ಎಂದು ಬಾಯಿ ತೆರೆಯುತ್ತಾಳೆ. ಗಂಡನ ಧ್ವನಿ ಕೇಳಿದರೆ ತಲೆಗೆ ಸೆರಗು ಹಾಕಿಕೊಳ್ಳುತ್ತಾಳೆ.

ಶೈಲಾ ಅಡುಗೆಮನೆಯಿಂದ ಬಂದು ತಾಟು ಇಸಿದುಕೊಂಡಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಅವ್ವನಿಗೆ ಉಣಿಸಿ, ಬಾಯಿ ಒರೆಸಿ, ತಾಟು ತೊಳೆದಿಟ್ಟ ಮೇಲೆ ಅಪ್ಪನನ್ನು ಕಟ್ಟೆಗೆ ಕರೆದಳು. ಎದುರು ಮನೆಯ ಮಗ್ಗ ಖಟಕ್ ಖಟಕ್ ಎನ್ನುತ್ತಿತ್ತು. ಬೆಟಗೇರಿಯ ಈ ಓಣಿಯಲ್ಲಿ ಏನು ಹೇಳುವುದಿದ್ದರೂ ಅದರ ನಡುನಡುವೆಯೇ ಹೇಳಬೇಕು.

‘ನಾಳಿ ಮುಂಜಾನಿಗೆ ಗಾಡಿ ಹೇಳೇನಪ್ಪಾ. ಅವ್ವನ್ನ ಮುಂಡರಗಿಗೆ ನಮ್ಮ ಮನಿಗೆ ಕರಕೊಂಡು ಹೋಗ್ತೇನಿ.’

‘ನಾನು?’

‘ನೀ ಬಾ ಅಂತ ಬಾಯಿ ತುಂಬ ಹೇಳಾಕ ನನಗೂ ಆಸೆ ಐತಿ. ಆದ್ರ ಅಲ್ಲಿ ಇರೂದು ಎರಡ ಖೋಲಿ. ನೀ ಮಾತಾಡಿದ್ರ ಅಕಿ ಉಣ್ಣೂದಿಲ್ಲ. ಮಾತಾಡಲಾರದ ಕುಂತ್ರ, ಯಾರೋ ಕುಂತಾರ, ಯಾರಂತ ಹೇಳವಲ್ರು ಅಂತ ಅಂಜಿ ನಡಗತಾಳ. ನಾ ಏನ್ ಮಾಡ್ಲಿ, ನೀನ ಹೇಳು.’

‘ಇವತ್ತೊಂದಿನ ನೋಡು. ಶಿಗ್ಲಿಗೆ ಹೋಗಿ ಬರ್ತೇನಿ. ಅಲ್ಲಿ ನಮ್ಮ ನಾಟಕ ಕಂಪನಿ ಗವಿಸಿದ್ದಪ್ಪ ಮಾಸ್ತರ ಬಂದಾನ. ನನ್ನ ಧ್ವನಿ ಮೊದಲ ಹೆಂಗಿತ್ತು ಅನ್ನೂದು ಅವಗ ನೆನಪಿರತೈತಿ. ಸಂಜಿಗೆ ಅಕಿ ನನ್ನ ಕೈಲೆ ಉಂಡ್ರ ಬಿಟ್ಟ ಹೋಗ್ತಿಯೇನು?’

ಶೈಲಾ ಅವನ ಮುಖ ನೋಡಿದಳು. ಹಟ ಮಾಡುವ ಮಗುವನ್ನು ನೋಡುವ ನೋಟ ಅದು. ‘ಉಂಡ್ರ ನಾ ಯಾಕ ಒಯ್ಲಿ’ ಎಂದಳು. ‘ಹೋಗಿ ಬಾ. ಟೊಪಗಿ ಹಾಕ್ಕೋ, ಬಿಸಲ ಭಾಳ ಐತಿ.’

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಮಗುವೊಂದು ತಿರುಗಿ ಅವನ ಬೆಕ್ಕಿನ ಕಣ್ಣುಗಳನ್ನೇ ನೋಡತೊಡಗಿತು. ಅವನಿಗೆ ಇದು ಹೊಸದಲ್ಲ. ಹಾಲಿನಲ್ಲಿ ಅರಿಸಿನ ಬಿದ್ದಂಥ ಬಣ್ಣ, ಬೂದಿಗಣ್ಣು, ಕೆಂಚು ಕೂದಲು. ಬೆಟಗೇರಿಯ ನೇಕಾರರ ಮನೆಯಲ್ಲಿ ಇಂಥ ಮಗ ಎಲ್ಲಿಂದ ಬಂದನೆಂದು ಅವನ ಅವ್ವ ಸಾಯುವವರೆಗೂ ಜನರ ಬಾಯಿಗೆ ಉತ್ತರ ಕೊಟ್ಟವಳೇ. ಆ ಬಣ್ಣ ನೋಡಿಯೇ ನಾಟಕ ಕಂಪನಿಯ ಮಾಲಕರು ಅವನನ್ನು ಮಗ್ಗದಿಂದ ಎಬ್ಬಿಸಿ ನಾಟಕಕ್ಕೆ ಕರೆದೊಯ್ದದ್ದು. ‘ಈ ಹುಡುಗನ ಮ್ಯಾಲೆ ಪೌಡರಿನ ಖರ್ಚ ಇಲ್ಲ’ ಎಂದಿದ್ದರಂತೆ. ಕುಂಪಣಿ ಸರ್ಕಾರಕ್ಕೆ ಎದುರು ನಿಂತ ದೇಸಾಯಿಯ ನಾಟಕದಲ್ಲಿ ಹಾರ್ಲಿ ಎಂಬ ಇಂಗ್ಲಿಷ್ ಸಾಹೇಬನ ಪಾತ್ರ. ಸಾಹೇಬ ಕಪ್ಪ ಕೇಳುತ್ತಾನೆ, ಮೀಸೆ ತಿರುವುತ್ತಾನೆ, ದೇಸಾಯಿಯ ಹೆಂಡತಿಯ ಮೇಲೆ ಕಣ್ಣು ಹಾಕುತ್ತಾನೆ, ಕೊನೆಯ ಅಂಕದಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಎಷ್ಟು ಊರುಗಳಲ್ಲಿ ಸತ್ತಿದ್ದಾನೆ ಅವನು. ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ. ‘ಯಸ್ ಫಸ್ ಗೋಯಿಂಗ್ ಕಮಿಂಗ್ ಬ್ಲಡಿ’ ಎಂದು ಅರಚಿ ಬೂಟು ಕುಟ್ಟಿದರೆ ಜನ ಹಲ್ಲು ಕಡಿಯುತ್ತಿದ್ದರು. ಮರುದಿನ ಅವರೇ ಬಂದು ಕೋರ್ಟಿನ ಕಾಗದ ಓದಿ ಹೇಳಿರೆಂದು ಕೇಳುತ್ತಿದ್ದರು. ‘ನಿಮಗ ತಿಳೀದಿದ್ರ ಮತ್ಯಾರಿಗೆ ತಿಳಿಬೇಕ್ರಿ ಸಾಹೇಬ್ರ?’ ಅವನು ಕಾಗದವನ್ನು ಕಣ್ಣಿನಿಂದ ದೂರ ಹಿಡಿದು, ಹುಬ್ಬು ಗಂಟಿಕ್ಕಿ, ‘ವಕೀಲರನ್ನ ಕಾಣ್ರಿ’ ಎನ್ನುತ್ತಿದ್ದ. ಅದು ಯಾವಾಗಲೂ ಸರಿಯಾದ ಸಲಹೆಯೇ ಆಗಿರುತ್ತಿತ್ತು.

ಮುಳಗುಂದ ದಾಟಿತು. ಎರೆಹೊಲಗಳು ಬಿಸಿಲಿಗೆ ಬಾಯಿ ಬಿಟ್ಟಿದ್ದವು. ಶಿರಹಟ್ಟಿಯ ಕಡೆ ಹೊರಳುವ ಫಲಕ ಕಂಡಿತು. ಶಿರಹಟ್ಟಿಯಲ್ಲಿ ಒಮ್ಮೆ, ಮದುವೆಯಾದ ಹೊಸದು, ಸಾವಿತ್ರಿ ನಾಟಕ ನೋಡಲು ಬಂದಿದ್ದಳು. ಈ ಸೀಮೆಯಲ್ಲಿ ನಾಟಕದ ನಡುವೆಯೇ ಆಯೇರಿ ಮಾಡುವುದುಂಟು. ಮೆಚ್ಚಿದವರು ಬಟ್ಟೆಯೋ ಹಾರವೋ ಕಳಿಸಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ, ಅಳುತ್ತಿದ್ದವರು ಕಣ್ಣೊರೆಸಿಕೊಂಡು ಹಾರ ಹಾಕಿಸಿಕೊಂಡು ಮತ್ತೆ ಅಳುವುದಕ್ಕೆ ಹೋಗುತ್ತಾರೆ. ದೇಸಾಯಿಗೆ ಆಯೇರಿ, ದೇಸಾಯಿಯ ಹೆಂಡತಿಗೆ ಆಯೇರಿ, ಹಾಸ್ಯದವನಿಗೂ ಆಯೇರಿ. ಸಾಹೇಬನಿಗೆ ಯಾರು ಮಾಡುತ್ತಾರೆ? ಅವನಿಗೆ ಬಂದದ್ದು ಚಪ್ಪಲಿ. ಆ ದಿನ ಗುಂಡು ತಗುಲಿ ಸತ್ತು ಬಿದ್ದಿದ್ದಾಗ ಮೈಕು ಕರಕರ ಎಂದು, ‘ಹಾರ್ಲಿ ಸಾಹೇಬರ ಪಾತ್ರಧಾರಿಗೆ ಅವರ ಮನಿಯವರಿಂದ ಒಂದು ಬೆಟಗೇರಿ ಟಾವೆಲ್ಲು’ ಎಂದಿತು. ಸತ್ತವನು ಎದ್ದ. ಟವೆಲು ಹೆಗಲಿಗೆ ಹಾಕಿಸಿಕೊಂಡ. ಎರಡು ಮಾತು ಹೇಳುವ ರೂಢಿಯಿತ್ತು, ಕೈಮುಗಿದು ‘ಶರಣ್ರೀ’ ಎಂದ, ತನ್ನದೇ ಧ್ವನಿಯಲ್ಲಿ. ಸಣ್ಣ, ತೆಳು, ತುದಿಯಲ್ಲಿ ಸ್ವಲ್ಪ ಸೀಳುವ ಧ್ವನಿ. ಇಡೀ ಮಂಡಪ ಹೊಟ್ಟೆ ಹಿಡಿದುಕೊಂಡು ನಕ್ಕಿತು. ‘ಸಾಹೇಬ ಹೋಗಿ ಸಾಹೇಬನ ಹೇಂತಿ ಎದ್ದಳಲೋ’ ಎಂದು ಯಾರೋ ಕೂಗಿದರು. ಅವನು ಮತ್ತೆ ಸತ್ತ. ಕಣ್ಣು ಮುಚ್ಚಿಕೊಂಡಿದ್ದರಿಂದ ಹೆಂಡತಿಯ ಮುಖ ಹೇಗಾಗಿತ್ತೆಂದು ನೋಡಲಿಲ್ಲ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಾಟಕವೇ ಸಿನಿಮಾ ಆದಾಗ ಅವನನ್ನೇ ಕರೆದರು. ಸಿನಿಮಾಗಳಿಗೆ ಇನ್ನೂ ಪೂರ್ತಿ ಬಣ್ಣ ಬಂದಿರದ ಕಾಲ. ಮದ್ರಾಸಿನಲ್ಲಿ ಕುದುರೆಯ ಮೇಲೆ ಕೂರಿಸಿದರು, ಹಗಲಿನಂಥ ದೀಪಗಳ ಕೆಳಗೆ ನಿಲ್ಲಿಸಿದರು, ಮಾತು ಹೇಳಿಸಿದರು, ‘ಛಲೋ ಆತು’ ಎಂದು ಕೈ ಕುಲುಕಿ ಕಳಿಸಿದರು. ಗದಗಿನ ಟಾಕೀಸಿಗೆ ಬಂದಾಗ ಕಂಪನಿಯವರೆಲ್ಲ ಒಟ್ಟಿಗೆ ಹೋದರು. ಪರದೆಯ ಮೇಲೆ ತನ್ನ ಮುಖ ಕಂಡು ಜನ ಸೀಟಿ ಹೊಡೆದರು, ಅವನ ಎದೆ ಉಬ್ಬಿತು. ಪರದೆಯ ಮೇಲಿನ ತಾನು ಬಾಯಿ ತೆರೆದ. ಅದರೊಳಗಿಂದ ಬೇರೊಬ್ಬ ಮನುಷ್ಯ ಮಾತಾಡಿದ. ಬಾವಿಯ ತಳದಿಂದ ಬಂದಂಥ, ಮೂಗಿಗೆ ತಾಗಿಸಿದ, ಪ್ರತಿ ಮಾತಿನ ಬಾಲವನ್ನು ನೆಲಕ್ಕೆ ಎಳೆಯುವ ದೊಡ್ಡ ಧ್ವನಿ. ಕತ್ತಲಲ್ಲಿ ಸಾವಿತ್ರಿ ಅವನ ಮುಂಗೈ ಗಟ್ಟಿಯಾಗಿ ಹಿಡಿದು, ‘ಇದ್ಯಾರದು?’ ಎಂದಳು. ‘ಸುಮ್ಕಿರು’ ಎಂದ. ಅದು ಯಾರದೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಮದ್ರಾಸಿಗೆ ಕಾಗದ ಬರೆಸಿ ಕೇಳಿದ್ದಕ್ಕೆ, ‘ನಿಮ್ಮದು ಹೆಂಗಸರ ಧ್ವನಿ, ಬಿಳಿಯರು ಹಾಗೆ ಮಾತಾಡೋದಿಲ್ಲ’ ಎಂದು ಉತ್ತರ ಬಂದಿತ್ತು. ಬಿಳಿಯರು ಹೇಗೆ ಮಾತಾಡುತ್ತಾರೆಂದು ಬರೆದವನಿಗೆ ಗೊತ್ತಿತ್ತೋ ಇಲ್ಲವೋ, ಕಂಪನಿಯ ಮಾಲಕರಿಗಂತೂ ಗೊತ್ತಾಯಿತು. ‘ಕುಬೇರಾ, ಮಂದಿ ಈಗ ಸಿನಿಮಾದ ಸಾಹೇಬನ್ನ ನೋಡಾಕ ಬರತಾರ. ಆ ಧ್ವನಿ ಕಲಿ.’ ಅವನು ದಿನಾ ಟಾಕೀಸಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತು ತನ್ನ ಮುಖವನ್ನು ನೋಡಿ ತನ್ನ ಪಾತ್ರವನ್ನು ಕಲಿತ. ಬಾವಿಗೆ ಬಿಂದಿಗೆ ಬಿಟ್ಟಂತೆ ಧ್ವನಿಯನ್ನು ಎದೆಗೆ ಇಳಿಬಿಟ್ಟ. ಬಂತು. ಜನ ಚಪ್ಪಾಳೆ ಹೊಡೆದರು. ಚಹಾದ ಅಂಗಡಿಯಲ್ಲಿ ಒಂದು ಮಾತು ಆಡ್ರಿ ಎಂದರೆ ಆಡಿದ. ಬಸ್ಸಿನಲ್ಲಿ, ಬೀಗರ ಮನೆಯಲ್ಲಿ, ಅಳುವ ಶೈಲಾಳನ್ನು ನಗಿಸಲು ತೊಟ್ಟಿಲ ಹತ್ತಿರ ಆಡಿದ. ಯಾವ ದಿನ ಬಿಂದಿಗೆ ಮೇಲೆ ಬರದೆ ಅಲ್ಲೇ ಉಳಿಯಿತೋ ತಿಳಿಯಲಿಲ್ಲ. ಕಂಪನಿ ಮುಳುಗಿತು, ಗಿರಿಜಾಮೀಸೆಯ ಡಬ್ಬಿ ಇಲಿಯ ಪಾಲಾಯಿತು, ಇಂಗ್ಲಿಷಿನ ತೊದಲೂ ಹೋಯಿತು. ಧ್ವನಿ ಮಾತ್ರ ಉಳಿಯಿತು. ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಕೇಳಿದರೂ ಕಪ್ಪ ಕೇಳಿದಂತೆ ಇರುತ್ತಿತ್ತು.

ಮಗು ಇನ್ನೂ ನೋಡುತ್ತಿತ್ತು. ಕುಬೇರಪ್ಪ ಕಿಟಕಿಯ ಕಡೆ ತಿರುಗಿದ. ಗದಗಿನ ದವಾಖಾನೆಯಲ್ಲೂ ಹೀಗೇ ಒಬ್ಬರು ನೋಡಿದ್ದರು. ಹರೆಯದ ಡಾಕ್ಟರು, ಬೇರೆ ಸೀಮೆಯವರು, ಕನ್ನಡ ಅಷ್ಟಕ್ಕಷ್ಟೆ. ಅವನ ಬಣ್ಣ ನೋಡಿ, ಧ್ವನಿ ಕೇಳಿ, ಓದಿದವರೆಂದುಕೊಂಡು ಸಾವಿತ್ರಿಯ ಕಣ್ಣಿನ ವಿಷಯ ಇಂಗ್ಲಿಷಿನಲ್ಲೇ ಹೇಳತೊಡಗಿದರು. ‘ನಮ್ಮ ಮನಿಯವರಿಗೆ ಎಲ್ಲಾ ತಿಳೀತೈತ್ರಿ’ ಎಂದು ಸಾವಿತ್ರಿ ಕೂಡಿಸಿದಳು, ಎಷ್ಟೊಂದು ಅಭಿಮಾನದಿಂದ. ಅಲ್ಲಿ ಕಂಪೌಂಡರು ಇದ್ದ, ನರ್ಸಮ್ಮ ಇದ್ದಳು, ಕನ್ನಡದಾಗ ಹೇಳ್ರಿ ಎಂದಿದ್ದರೆ ಹೇಳುತ್ತಿದ್ದರು. ಅವನು ಗದ್ದ ಮೇಲೆತ್ತಿ, ಸಾಹೇಬ ಕಪ್ಪಕ್ಕೆ ಒಪ್ಪಿದಂತೆ, ಎರಡು ಸಲ ತಲೆಯಾಡಿಸಿದ. ಕಣ್ಣಿನ ಚಿಕಿತ್ಸೆಗೆ ಬೇಗ ಬರಬೇಕೆಂದಿದ್ದರಂತೆ. ತಡವಾದರೆ ಬೆಳಕು ಹೋಗುತ್ತದೆ ಎಂದಿದ್ದರಂತೆ. ಶೈಲಾ ಆಮೇಲೆ ಕರೆದೊಯ್ದಾಗ ಅವಳಿಗೆ ಕನ್ನಡದಲ್ಲೇ ಹೇಳಿದರು, ‘ನಿಮ್ಮ ತಂದೆಗೆ ಆವತ್ತೇ ಹೇಳಿದ್ದೆ, ಅವರು ಒಪ್ಪಿದ್ದರು’ ಎಂದು. ತಲೆಯಾಡಿಸಿದ್ದು ನಾನಲ್ಲ, ಆ ಸಾಹೇಬ, ಎಂದು ಯಾರಿಗೆ ಹೇಳುವುದು? ಹೇಳಿದರೂ ಅವನ ಧ್ವನಿಯಲ್ಲೇ ಹೇಳಬೇಕು.

ಶಿಗ್ಲಿಯ ಸಮುದಾಯ ಭವನದಲ್ಲಿ ತಾಲೀಮು ನಡೆದಿತ್ತು. ಬಸವ ಜಯಂತಿಗೆ ಊರಿನ ಹುಡುಗರು ದೇಸಾಯಿ ನಾಟಕ ಆಡುವವರಿದ್ದರು, ಸಾಹೇಬನ ಪಾತ್ರಕ್ಕೆ ಸ್ವಲ್ಪ ತಿದ್ದಿ ಕೊಡಿರೆಂದು ಅವನನ್ನು ಕರೆದಿದ್ದರು. ಹಾರ್ಮೋನಿಯಂ ಹಿಂದೆ ಗವಿಸಿದ್ದಪ್ಪ ಮಾಸ್ತರ ಕೂತಿದ್ದ. ಕಂಪನಿಯ ಕಾಲದಿಂದಲೂ ಅವನೇ ಮಾಸ್ತರ. ಒಂದು ಹಲ್ಲೂ ಉಳಿದಿರಲಿಲ್ಲ, ಕಿವಿ ಮಾತ್ರ ನೆಟ್ಟಗಿತ್ತು.

‘ಬಂದ ನೋಡ್ರಿ ವಿಲಾಯತಿ ದೊರಿ’ ಎಂದ. ‘ಎಲ್ಲರೂ ಎದ್ದ ನಿಂದರ್ರಿ, ಕಪ್ಪ ಕೇಳ್ತಾನ.’

‘ನಿನ್ನ ಕಡೆ ಕೊಡಾಕ ಹಲ್ಲರ ಅದಾವೇನು?’

‘ಅವನ್ನ ಹೋದ ವರ್ಷನ ವಸೂಲಿ ಮಾಡ್ಕೊಂಡು ಹೋದ್ರಲ್ಲೋ ನಿನ್ನ ಮಂದಿ.’

ಹುಡುಗರು ನಕ್ಕರು. ಸಾಹೇಬನಾಗುವ ಲೋಹಿತ, ಟ್ರ್ಯಾಕ್ಟರಿನ ಗ್ಯಾರೇಜು ಇಟ್ಟವನು, ಕೈಯ ಗ್ರೀಸು ಪ್ಯಾಂಟಿಗೆ ಒರೆಸಿಕೊಂಡು ಕಾಲಿಗೆ ನಮಸ್ಕಾರ ಮಾಡಿದ. ‘ನಿಮ್ಮ ಸಿನಿಮಾದ ತುಣುಕು ಮೊಬೈಲಿನ್ಯಾಗ ಐತ್ರಿ ಅಜ್ಜಾರ. ದಿನಾ ಗ್ಯಾರೇಜಿನ್ಯಾಗ ಅದನ್ನ ಹಚ್ಚಿ ಕಲ್ತೇನಿ.’ ಎದ್ದು ನಿಂತು, ಎದೆಗೆ ಗಾಳಿ ತುಂಬಿಕೊಂಡು, ‘ದೇಸಾಯೀ, ಕುಂಪಣಿ ಸರ್ಕಾರದ ತಾಳ್ಮೆಗೂ ಒಂದು ಗಡಿ ಉಂಟು’ ಎಂದ. ಅದೇ ಬಾವಿ, ಅದೇ ಮೂಗು, ಅದೇ ಬಾಲ. ಗೋಧಿಬಣ್ಣದ ಈ ಹುಡುಗನ ಗಂಟಲಲ್ಲಿ ಕೂತು ಆ ಹೆಸರಿಲ್ಲದ ಮನುಷ್ಯ ಕುಬೇರಪ್ಪನನ್ನೇ ನೋಡುತ್ತಿದ್ದ.

‘ಹೆಂಗೈತ್ರಿ?’

‘ಛಲೋ ಐತಿ’ ಎಂದ ಕುಬೇರಪ್ಪ. ಭವನದೊಳಗೆ ಅದೇ ಧ್ವನಿ ಎರಡನೆಯ ಸಲ ಕೇಳಿಸಿತು. ಹುಡುಗರು ಚಪ್ಪಾಳೆ ಹೊಡೆದರು. ‘ಈ ಪಾತ್ರ ಮಾಡಿ ಮನಿಗೆ ಹೋದ ಕೂಡ್ಲೆ ಯಾರ ಜೋಡೀನರ ನಾಕ ಮಾತಾಡು, ನಿನ್ನ ಧ್ವನಿಲೆ. ಮರೀಬ್ಯಾಡ’ ಎಂದ. ಲೋಹಿತ ‘ಹ್ಞೂಂ ರೀ’ ಎಂದ. ಅವನಿಗೆ ತಿಳಿದಂತೆ ಕಾಣಲಿಲ್ಲ.

ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಅವನು ಮಾಸ್ತರನ ಎದುರು ಕೂತು ಎಲ್ಲವನ್ನೂ ಹೇಳಿದ. ಗವಿಸಿದ್ದಪ್ಪ ನಡುವೆ ಚೇಷ್ಟೆ ಮಾಡಲಿಲ್ಲ. ಕಂಪನಿಯಲ್ಲಿ ಹಾಡು ಮುಗಿದು ಮಾತು ಶುರುವಾಗುವಾಗ ಶ್ರುತಿ ತಪ್ಪಬಾರದು. ಅದಕ್ಕೆ ಯಾರು ಹಾರ್ಮೋನಿಯಂನ ಯಾವ ಮನೆಯಿಂದ, ಯಾವ ಕರಿ-ಬಿಳಿ ಪಟ್ಟಿಯ ಸ್ವರದಿಂದ, ಮಾತು ಎತ್ತುತ್ತಾರೆಂದು ಮಾಸ್ತರನ ಬೆರಳಿಗೆ ಗೊತ್ತಿರಬೇಕಿತ್ತು. ಜನರ ಹೆಸರು ಮರೆತರೂ ಮನೆ ಮರೆಯುತ್ತಿರಲಿಲ್ಲ. ‘ಸಾಬೀರಾ ಕರಿ ಐದು’ ಎಂದು ಗೊಣಗುತ್ತ, ದೇಸಾಯಿಯ ಹೆಂಡತಿಯಾಗುತ್ತಿದ್ದ ಸಾಬೀರಾ ಸತ್ತು ಎಷ್ಟೋ ವರ್ಷವಾಗಿದ್ದರೂ ಆ ಮನೆಯನ್ನು ಒಮ್ಮೆ ಒತ್ತಿದ. ‘ನೀನು... ಸಿನಿಮಾ ಆದಮ್ಯಾಲೆ ಬಿಳಿ ಒಂದಕ್ಕ ಇಳದಿ. ಮೊದಲ ನೀ ಕರಿ ನಾಕು. ಹೆಣ್ಣಮಕ್ಕಳ ಬಾಜೂ ಮನಿ.’ ಗಾಳಿ ತುಂಬುವ ಭಾತೆ ಎಳೆದು ಕರಿ ನಾಲ್ಕನ್ನು ಒತ್ತಿ ಹಿಡಿದ. ‘ಹಾಡೂದ ಬ್ಯಾಡ. ಮಾತಾಡು ಇದರ ಮ್ಯಾಲೆ.’

ಸ್ವರ ಭವನದಲ್ಲಿ ನಿಂತಿತು. ಕುಬೇರಪ್ಪನಿಗೆ ಅದು ತಾನು ಆಡಿ ಬೆಳೆದ ಮನೆಯ ಬಾಗಿಲಿನಂತೆ ಕಂಡಿತು, ಚೌಕಟ್ಟು ಗೊತ್ತು, ಬಣ್ಣ ಗೊತ್ತು. ಅವನು ಬಾಯಿ ತೆರೆದು ‘ಸಾವಿತ್ರಿ, ತಗೋ’ ಎಂದ. ಸಾಹೇಬ ಎತ್ತರದ ದನಿಯಲ್ಲಿ ಹೇಳಿದ. ಇನ್ನೊಮ್ಮೆ ಹೇಳಿದ. ಸಾಹೇಬ ಹೆಣ್ಣುಮಗಳನ್ನು ಅಣಕಿಸಿದಂತಾಯಿತು. ಮಾಸ್ತರ ಸ್ವರ ಬಿಡಲಿಲ್ಲ, ಕಣ್ಣುಮುಚ್ಚಿ ಭಾತೆ ಎಳೆಯುತ್ತಲೇ ಇದ್ದ, ಕುಬೇರಪ್ಪ ಕುತ್ತಿಗೆಯ ನರ ಉಬ್ಬಿಸಿ ಮತ್ತೆ ಮತ್ತೆ ಹೇಳುತ್ತಲೇ ಇದ್ದ. ಕೆಮ್ಮು ಬಂತು. ಊಟಕ್ಕೆ ಕರೆಯಲು ಬಂದ ಲೋಹಿತ ಬಾಗಿಲಲ್ಲಿ ನಿಂತು, ಇದೂ ನಾಟಕದ ಮಾತೇ ಇರಬೇಕೆಂದು ಮೊಬೈಲು ಹಿಡಿದ. ಮಾಸ್ತರ ಕೈಬಿಟ್ಟ. ಹಾರ್ಮೋನಿಯಂ ಉಸಿರು ಬಿಟ್ಟು ಸುಮ್ಮನಾಯಿತು.

‘ಸ್ವರ ಐತೋ ಕುಬೇರಾ’ ಎಂದ ಗವಿಸಿದ್ದಪ್ಪ. ‘ಒಳಗ ನೀ ಇಲ್ಲ.’ ಹೇಳಿದ ಮೇಲೆ ಅವನಿಗೇ ಕೆಡುಕೆನಿಸಿರಬೇಕು. ‘ಬಾ, ಉಣ್ಣು. ಝುಣಕಾ ಮಾಡ್ಯಾರ’ ಎಂದು ಕೈ ಹಿಡಿದು ಎಬ್ಬಿಸಿದ.

ಬೆಟಗೇರಿಯ ಓಣಿಗೆ ಬಂದಾಗ ಬಿಸಿಲು ಗೋಡೆಗಳ ಮೇಲಕ್ಕೆ ಏರಿತ್ತು. ಶೈಲಾ ಬಾಗಿಲಲ್ಲೇ ಚೀಲ ಹಿಡಿದು ನಿಂತಿದ್ದಳು. ಅಪ್ಪನ ಮುಖ ನೋಡಿ ಧ್ವನಿಯ ಸುದ್ದಿ ಕೇಳಲಿಲ್ಲ. ‘ಅವ್ವನ ಗುಳಿಗಿ ತರ್ತೇನಿ. ತಾಟ ಹಚ್ಚಿಟ್ಟೇನಿ, ಬಂದ ಉಣಸ್ತೇನಿ, ನೀ ಸುಮ್ನ ಕುಂದ್ರು’ ಎಂದು ಇಳಿದು ಹೋದಳು. ಒಳಗೆ ಅರ್ಧ ಕತ್ತಲು. ಸಾವಿತ್ರೆವ್ವ ಹಾಸಿಗೆಯಲ್ಲಿ ಗೋಡೆಗೆ ಒರಗಿ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಅವನ ಚಪ್ಪಲಿಯ ಸದ್ದಿಗೆ, ‘ಯಾರು ಬಂದವರು?’ ಎಂದಳು. ಅವನು ಸುಮ್ಮನೆ ನಿಂತ. ‘ಯಾರ್ರಿ?’ ಎಂದಳು, ಈ ಸಲ ಕೈಗಳು ಸೆರಗನ್ನು ಹುಡುಕತೊಡಗಿದವು, ಬೆರಳು ನಡುಗಿದವು. ಆ ಬೆರಳುಗಳನ್ನು ನೋಡಲಾರದೆ ಅವನು ಸೋತ.

‘ನಾನ್ರಿ ಬಾಯಾರ. ಹಾರ್ಲಿ.’

ನಡುಕ ನಿಂತಿತು. ‘ಬರ್ರಿ ಸಾಹೇಬ್ರ, ಕುಂಡ್ರಿ. ಚಾ ಮಾಡಬೇಕಂದ್ರ ನನಗ ಕಣ್ಣ ಕಾಣೂದಿಲ್ಲ.’

‘ಚಾ ಬ್ಯಾಡ್ರಿ. ನಿಮ್ಮದು ಊಟ ಆತೇನ್ರಿ?’

‘ಅವರು ಬರಲಿ ಅಂತ ಕುಂತೇನಿ.’

‘ಅವರ ನನ್ನ ಕಳಿಸ್ಯಾರ. ನಾ ಬರೂದು ತಡಾ ಆಗತೈತಿ, ನೀ ಹೋಗಿ ನಮ್ಮ ಮನಿಯಾಕಿಗೆ ಉಣಸು ಅಂದ್ರು.’

ಸಾವಿತ್ರೆವ್ವ ಗೋಡೆ ಬಿಟ್ಟು ಸ್ವಲ್ಪ ಮುಂದೆ ಸರಿದಳು. ‘ಅವರ ಹೇಳಿದ್ರಂದ್ರ ಆತು’ ಎಂದು ಬಾಯಿ ತೆರೆದಳು. ಸೆರಗು ತಲೆಯ ಮೇಲೇ ಇತ್ತು. ಕುಬೇರಪ್ಪ ತುತ್ತು ಮಾಡಿ ಮಾಡಿ ಇಟ್ಟ. ದೀಪಾವಳಿಯಿಂದ ಇತ್ತ ಅವಳ ತುಟಿ ಅವನ ಬೆರಳಿಗೆ ತಾಗಿದ್ದು ಇದೇ ಮೊದಲು. ಪರಪುರುಷನ ಕೈಯೆಂದು ಆದಷ್ಟೂ ತಾಗದಂತೆ ಅವಳು ಹುಷಾರಾಗಿ ತಿನ್ನುತ್ತಿದ್ದಳು. ತಾಟು ಬರಿದಾಯಿತು. ಸಂಜಿಗೆ ಅಕಿ ನನ್ನ ಕೈಲೆ ಉಂಡ್ರ ಎಂದು ಮಗಳಿಗೆ ಹೇಳಿದ್ದು ನೆನಪಾಯಿತು. ಉಂಡಿದ್ದಳು. ಗೆದ್ದವನು ಯಾರೆಂದು ಶೈಲಾಳಿಗೆ ಹೇಗೆ ಹೇಳುವುದು? ನಾಳೆಯೂ ಉಣ್ಣುತ್ತಾಳೆ, ನಾಡಿದ್ದೂ ಉಣ್ಣುತ್ತಾಳೆ, ಸಾಹೇಬ ದಿನಾ ಬರುತ್ತಾನೆ, ಗಂಡ ಎಂದೂ ಬರುವುದಿಲ್ಲ.

‘ನಮ್ಮವರು ಹೆಂಗ ಅದಾರ್ರಿ?’ ಎಂದಳು.

‘ಅರಾಮ ಅದಾರ.’

‘ಅವರ ಧ್ವನಿ ಕೇಳಿ ಭಾಳ ದಿನ ಆತ್ರಿ.’ ಅವಳು ಗೋಡೆಗೆ ಒರಗಿಕೊಂಡಳು, ಮುಖ ಸಡಿಲಾಯಿತು. ‘ಶಿರಹಟ್ಟ್ಯಾಗ ಒಮ್ಮೆ ನಾ ಅವರಿಗೆ ಆಯೇರಿ ಮಾಡಿದ್ದೆ. ನಮ್ಮ ತವರಮನಿ ಮಗ್ಗದ ಟಾವೆಲ್ಲು. ಸತ್ತ ಬಿದ್ದಾವರು ಎದ್ದು ಶರಣ್ರೀ ಅಂದ್ರು. ಮಂದಿ ನಕ್ಕರು. ನಗಲಿ. ಅಷ್ಟ ಮಂದ್ಯಾಗ ಆ ಶರಣು ನನಗ ಒಬ್ಬಾಕಿಗೆ ಅಂದಿದ್ದು. ಆ ಧ್ವನಿ ಕೇಳಿ ನಾ ಅವತ್ತ, ಆತು, ಈ ಮನಷ್ಯಾನ ಜೋಡಿ ಬಾಳೆ ಮಾಡಬಹುದು ಅನಕೊಂಡೆ. ನಿಮ್ಮಂಗ ದೊಡ್ಡ ಧ್ವನಿ ಅಲ್ಲರಿ ಅವರದು. ಮನಿಯಾಗ ಇಟ್ಕೊಳ್ಳುವಷ್ಟ ಸಣ್ಣದು.’ ನಕ್ಕಳು. ಆಮೇಲೆ ಬಾಗಿಲ ಕಡೆ ಕಿವಿಗೊಟ್ಟು, ‘ಅವರು ಬರೂ ಹೊತ್ತಾತು. ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ, ಹೋಗುವಾಗ ಬಾಗಲಾ ಮುಂದ ಮಾಡ್ಕೊಂಡು ಹೋಗ್ರಿ’ ಎಂದಳು.

ಕುಬೇರಪ್ಪ ಎದ್ದ. ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಕೈಮುಗಿದ. ಹೊರಗೆ ಬಂದು ಬಾಗಿಲು ಎಳೆದುಕೊಂಡು ಕಟ್ಟೆಯ ಮೇಲೆ ನಿಂತ. ಎದುರು ಮನೆಯ ಮಗ್ಗ ನಿಂತಿತ್ತು. ಓಣಿಯ ಆ ತುದಿಯಲ್ಲಿ ಶೈಲಾ ಔಷಧದ ಚೀಲ ಹಿಡಿದು ಬರುತ್ತಿದ್ದಳು, ಯಾರೋ ಮಾತಿಗೆ ನಿಲ್ಲಿಸಿದರು. ಬಾಗಿಲ ಸದ್ದು ಒಳಗೆ ಕೇಳಿಸಿರಬೇಕು.

‘ಬಂದ್ರೇನು?’

ಎಷ್ಟು ಊರು ತಿರುಗಿ ಎಷ್ಟು ಸಲ ಸತ್ತು ಮನೆಗೆ ಬಂದಾಗಲೂ ಅವಳು ಒಳಗಿನಿಂದ ಕೇಳುತ್ತಿದ್ದದ್ದು ಇಷ್ಟೇ. ಅವನು ಹೇಳುತ್ತಿದ್ದದ್ದೂ ಇಷ್ಟೇ, ಬಾಯಿ ಕೂಡ ತೆರೆಯದೆ ಒಂದು ‘ಹ್ಞೂಂ’. ನಾಟಕದಲ್ಲಿ ಸಾಹೇಬನಿಗೆ ಆ ಮಾತಿರಲಿಲ್ಲ, ಅವನು ಯಸ್ ಎನ್ನುತ್ತಿದ್ದ. ಮದ್ರಾಸಿನ ಆ ಮನುಷ್ಯನಿಂದ ಅದನ್ನು ಯಾರೂ ಹೇಳಿಸಿರಲಿಲ್ಲ. ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಇವನು ಕಲಿತಿರಲಿಲ್ಲ. ಕುಬೇರಪ್ಪ ತುಟಿ ಒತ್ತಿ ಹಿಡಿದ. ಎದೆಯಿಂದ ಉಸಿರು ಮೇಲೆ ಬಂತು, ಗಂಟಲಿಗೆ ಬಂತು, ಮೂಗಿನ ಬುಡಕ್ಕೆ ಬಂದು ನಿಂತಿತು.

‘ಬಂದ್ರೇನು?’ ಎಂದಳು ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ.

ಅವನು ಚಿಲಕದ ಮೇಲೆ ಕೈಯಿಟ್ಟುಕೊಂಡು, ಆ ಉಸಿರು ಬಿಟ್ಟರೆ ಯಾರು ಹೊರಬರುತ್ತಾರೋ ಎಂದು ಅದನ್ನು ಹಿಡಿದು ನಿಂತಿದ್ದ.